ಅಂಡಮಾನಿನ ಬೆಳಕು ಎಪ್ಪತ್ತು ನಿಮಿಷ ಮುಂಚೆ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ನನ್ನ ತಮ್ಮ ನಾಲ್ಕು ವರ್ಷಗಳಿಂದ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಕೆಲಸದಲ್ಲಿದ್ದಾನೆ. ಈ ಸಲದ ಕ್ರಿಸ್‌ಮಸ್ ರಜೆಗೆ ನಾನು, ನನ್ನ ಯಜಮಾನರು, ಇಬ್ಬರು ಮಕ್ಕಳು ಮತ್ತು 72 ವರ್ಷದ ಅಮ್ಮ ಎಂಟು ದಿನಕ್ಕೆ ಅಲ್ಲಿಗೆ ಹೊರಟಿದ್ದೇವೆ. ಹ್ಯಾವ್‌ಲಾಕ್, ನೀಲ್ ದ್ವೀಪಗಳಿಗೂ ಹೋಗುವ ಯೋಚನೆ ಇದೆ. ಮಗನಿಗೆ ಸ್ನಾರ್ಕೆಲಿಂಗ್ (ಬಾಯಿಗೆ ಕೊಳವೆ ಕಚ್ಚಿ, ಮುಖ ಮುಳುಗಿಸಿ ಈಜುವುದು) ಹುಚ್ಚು. ಕಳೆದ ವರ್ಷ ಬೇಕಲ ಕೋಟೆಯಲ್ಲಿ ತೆಗೆದ ಫೋಟೋಗಳಲ್ಲಿ ಸಮುದ್ರ ಚಂದ ಬಂದಿದೆ, ನಮ್ಮ ಮುಖ ಮಾತ್ರ ಕಪ್ಪು. ನಮ್ಮಲ್ಲಿ ಒಂದು ಸಾಧಾರಣ ಮೊಬೈಲ್, ಹತ್ತು ವರ್ಷ ಹಳೆಯ ಒಂದು ಡಿಎಸ್‌ಎಲ್‌ಆರ್ ಇದೆ. ಹೊಸ ಕ್ಯಾಮೆರಾ ಬೇಕಾ? ನೀರಿನಡಿ ಮೊಬೈಲ್ ಇಟ್ಟರೆ ಏನಾದೀತು? ಅಮ್ಮ ಮತ್ತೆ ಅಷ್ಟು ದೂರ ಹೋಗುವುದು ಕಷ್ಟ. ಹಾಗಾಗಿ ಫೋಟೋ ಸರಿಯಾಗಿ ಬರಬೇಕು.

ಉತ್ತರ: ಹೊಸ ಕ್ಯಾಮೆರಾ ಬೇಡ. ಆ ದುಡ್ಡಿನಲ್ಲಿ ಹ್ಯಾವ್‌ಲಾಕಿನಲ್ಲಿ ಒಂದು ರಾತ್ರಿ ಜಾಸ್ತಿ ಉಳಿಯಿರಿ. ಯಾಕೆ ಹೀಗೆ ಹೇಳುತ್ತೇನೆ ಎನ್ನುವುದಕ್ಕೆ ನನ್ನದೇ ಒಂದು ಪೆದ್ದುತನದ ಕಥೆ ಇದೆ.

ಮೊದಲ ಸಲ ಅಂಡಮಾನಿಗೆ ಹೋದದ್ದು ಒಂದು ಡಿಸೆಂಬರಿನಲ್ಲಿ. ಮದುವೆ ಫೋಟೋ ತೆಗೆದು ತೆಗೆದು ಬೇಸರ ಬಂದಿತ್ತು. ದೊಡ್ಡ ಬ್ಯಾಗ್, ಮೂರು ಲೆನ್ಸ್, ಟ್ರೈಪಾಡ್, ಎಲ್ಲ ಹೊತ್ತುಕೊಂಡು ಹೋಗಿದ್ದೆ. ಹ್ಯಾವ್‌ಲಾಕಿನ ರಾಧಾನಗರ ಕಡಲ ತೀರದ ಸೂರ್ಯಾಸ್ತ ತೆಗೆಯಬೇಕು ಎಂದು ಮಧ್ಯಾಹ್ನ ಗಡದ್ದಾಗಿ ಉಂಡು ಮಲಗಿದೆ. ನಮ್ಮೂರ ಲೆಕ್ಕದಲ್ಲಿ ಐದೂಕಾಲಿಗೆ ಅಲ್ಲಿದ್ದರೆ ಒಂದು ಗಂಟೆ ಕೈಯಲ್ಲಿರುತ್ತದೆ ಅಲ್ವಾ? ಹೋಗಿ ನೋಡಿದರೆ ಸೂರ್ಯ ಮುಳುಗಿಯಾಗಿತ್ತು. ಜನ ಕಾಲಿನ ಮರಳು ಕೊಡವಿಕೊಂಡು ವಾಪಸು ಬರುತ್ತಿದ್ದರು. ನಾನೊಬ್ಬ ಟ್ರೈಪಾಡ್ ಹೆಗಲಿಗೇರಿಸಿ ಎದುರಿನಿಂದ ಹೋಗುತ್ತಿದ್ದೆ.

ಕಾರಣ ಸರಳ. ಇಡೀ ಭಾರತಕ್ಕೆ ಒಂದೇ ಗಡಿಯಾರ. ಅದನ್ನು 82.5 ಡಿಗ್ರಿ ರೇಖಾಂಶಕ್ಕೆ, ಅಂದರೆ ಹೆಚ್ಚುಕಡಿಮೆ ಪ್ರಯಾಗರಾಜದ ಹತ್ತಿರದ ಸೂರ್ಯನಿಗೆ ಹೊಂದಿಸಿದ್ದಾರೆ. ಕಾಸರಗೋಡು ಇರುವುದು 75 ಡಿಗ್ರಿಯಲ್ಲಿ. ಪೋರ್ಟ್ ಬ್ಲೇರ್ 92.7ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಲೆಕ್ಕ ಹಾಕಿದರೆ ನಮಗೂ ಅವರಿಗೂ ಸೂರ್ಯನ ವ್ಯತ್ಯಾಸ ಸುಮಾರು ಎಪ್ಪತ್ತು ನಿಮಿಷ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 6:45 ದಾಟಿದ ಮೇಲೆ, ಮುಳುಗುವುದು 6:15ರ ಹೊತ್ತಿಗೆ. ಅಲ್ಲಿ 5:40ರೊಳಗೆ ಹುಟ್ಟಿ, ಸಂಜೆ 5:05ಕ್ಕೆಲ್ಲ ಮುಳುಗುತ್ತದೆ. ನಡುಮಧ್ಯಾಹ್ನ ಆಗುವುದು 12ಕ್ಕಲ್ಲ, 11:20ಕ್ಕೆ.

ಇದಿಷ್ಟು ಗೊತ್ತಿದ್ದರೆ ನಿಮ್ಮ ಅರ್ಧ ಫೋಟೋ ಗೆದ್ದಂತೆ. ಪ್ರವಾಸಕ್ಕೆ ಹೋದವರು ಏನು ಮಾಡುತ್ತಾರೆ? ಏಳೂವರೆಗೆ ಎದ್ದು, ತಿಂಡಿ ತಿಂದು, ಒಂಬತ್ತೂವರೆಗೆ ಕಡಲ ಬದಿಗೆ ಹೋಗುತ್ತಾರೆ. ಅಲ್ಲಿಯ ಒಂಬತ್ತೂವರೆ ಅಂದರೆ ನಮ್ಮೂರ ಹತ್ತೂ ಮುಕ್ಕಾಲಿನ ಬಿಸಿಲು. ಕಣ್ಣು ಕಿರಿದು ಮಾಡಿ, ಹುಬ್ಬಿನ ಕೆಳಗೆ ಕಪ್ಪು ನೆರಳು ಬಿದ್ದ ಮುಖಗಳು. ಆಮೇಲೆ ಮೊಬೈಲಿಗೆ ಬೈಗುಳ.

ಹಾಗಾಗಿ ಎಂಟು ದಿನದಲ್ಲಿ ಮೂರು ದಿನವಾದರೂ ಬೆಳಿಗ್ಗೆ ಐದಕ್ಕೆ ಎಲ್ಲರೂ ಏಳಿ. ಅಮ್ಮನಿಗೆ ಇದು ಕಷ್ಟವಾಗಲಿಕ್ಕಿಲ್ಲ, ನಮ್ಮ ಕಡೆಯ ಹಿರಿಯರು ಹೇಗೂ ಆ ಹೊತ್ತಿಗೆ ಎದ್ದಿರುತ್ತಾರೆ. ಮಕ್ಕಳನ್ನು ಎಬ್ಬಿಸುವುದು ನಿಮ್ಮ ಪಾಡು. 5:45ರಿಂದ 7 ಗಂಟೆಯವರೆಗೆ, ಸಂಜೆ 4ರಿಂದ 5ರವರೆಗೆ, ಜನರ ಫೋಟೋ ಏನಿದ್ದರೂ ಈ ಎರಡು ಹೊತ್ತಿಗೆ. ಸಂಜೆ ಸೂರ್ಯ ಮುಳುಗಿದ ಮೇಲೂ ಇಪ್ಪತ್ತು ನಿಮಿಷ ಜಾಗ ಬಿಡಬೇಡಿ. ಮೋಡಕ್ಕೆ ಬಣ್ಣ ಬರುವುದೇ ಆಗ.

ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು. ನಾವು ಕಾಸರಗೋಡಿನವರು ಸೂರ್ಯ ಕಡಲಿಗೆ ಇಳಿಯುವುದನ್ನು ನೋಡಿಯೇ ಬೆಳೆದವರು. ಅವನು ಕಡಲಿನಿಂದ ಏಳುವುದನ್ನು ನೋಡುವ ಭಾಗ್ಯ ನಮ್ಮ ಕರಾವಳಿಗೆ ಇಲ್ಲ. ನಮಗೆ ಅವನು ಯಾವಾಗಲೂ ಗುಡ್ಡದ ಹಿಂದಿನಿಂದ, ಅಡಿಕೆ ಮರದ ಸಂದಿನಿಂದಲೇ ಬರುವುದು. ದ್ವೀಪದಲ್ಲಿ ಎರಡೂ ಸಿಗುತ್ತದೆ. ಹ್ಯಾವ್‌ಲಾಕಿನ ಪೂರ್ವಕ್ಕೆ ಕಾಲಾ ಪತ್ಥರ್ ತೀರ, ಪಶ್ಚಿಮಕ್ಕೆ ರಾಧಾನಗರ. ನೀಲ್‌ನಲ್ಲಿ ಬೆಳಿಗ್ಗೆಗೆ ಸೀತಾಪುರ, ಸಂಜೆಗೆ ಲಕ್ಷ್ಮಣಪುರ. ಅಮ್ಮನನ್ನು ಕಾಲಾ ಪತ್ಥರಿಗೆ ಕರೆದುಕೊಂಡು ಹೋಗಿ. ಸೂರ್ಯನ ಫೋಟೋ ತೆಗೆಯುವುದು ಬೇಡ, ಅದು ಎಲ್ಲರ ಹತ್ತಿರವೂ ಇದೆ. ನೀವು ಕಡಲಿಗೆ ಬೆನ್ನು ಹಾಕಿ ನಿಂತು, ಸೂರ್ಯನನ್ನು ನೋಡುವ ಅಮ್ಮನ ಮುಖ ತೆಗೆಯಿರಿ. ಆ ಹೊತ್ತಿನ ಬೆಳಕು ಇಡೀ ಮುಖದ ಮೇಲೆ ಎಣ್ಣೆ ಸವರಿದ ಹಾಗೆ ಬೀಳುತ್ತದೆ.

ಅಂದ ಹಾಗೆ, ಹೆಸರಿನ ಗೊಂದಲ ಬೇಡ. 2018ರಲ್ಲಿ ಹ್ಯಾವ್‌ಲಾಕಿಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂದು ಹೆಸರಿಟ್ಟರು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಟಿಕೆಟ್ ಮಾಡುವಾಗ ಎರಡೂ ಕಾಣಬಹುದು.

ಈಗ ಬೇಕಲದ ಕಪ್ಪು ಮುಖಕ್ಕೆ ಬರುತ್ತೇನೆ. ನೀವು ಸಂಜೆ ಕೋಟೆಯ ಮೇಲೆ ನಿಂತು, ಹಿಂದೆ ಹೊಳೆಯುವ ಕಡಲು ಇಟ್ಟು ತೆಗೆದಿದ್ದೀರಿ. ಕ್ಯಾಮೆರಾಕ್ಕೆ ಚೌಕಟ್ಟಿನೊಳಗೆ ಒಟ್ಟು ಎಷ್ಟು ಬೆಳಕು ಎನ್ನುವುದು ಮಾತ್ರ ಗೊತ್ತು. ಅದರಲ್ಲಿ ನಿಮ್ಮ ಅಮ್ಮ ಯಾರು, ಅಲೆ ಯಾವುದು ಎಂದು ಅದಕ್ಕೇನು ಗೊತ್ತು? ಬೆಳಕು ಜಾಸ್ತಿ ಕಂಡರೆ ಎಲ್ಲವನ್ನೂ ಕುಗ್ಗಿಸುತ್ತದೆ. ಅಂಡಮಾನಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿಯ ಮರಳು ನಮ್ಮ ಹಾಗೆ ಕಂದು ಅಲ್ಲ. ಹವಳದ ಪುಡಿ ಸೇರಿದ ಬಿಳಿ ಮರಳು. ಕ್ಯಾಮೆರಾ ಅದನ್ನು ಬೂದು ಮಾಡಿ ತೋರಿಸುತ್ತದೆ, ಜತೆಗೆ ಮುಖವನ್ನೂ ಕಪ್ಪಾಗಿಸುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಪ್ಲಸ್-ಮೈನಸ್ ಗುರುತಿನ ಬಟನ್ ಇದೆ. ಅದನ್ನು ಪ್ಲಸ್ 1ಕ್ಕೆ ಇಡಿ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಚಿತ್ರವನ್ನು ಸ್ವಲ್ಪ ಮೇಲೆ ಎಳೆಯಿರಿ. ಆಕಾಶ ಬಿಳಿಯಾದರೆ ಆಗಲಿ. ಆಕಾಶ ನಿಮ್ಮ ಸಂಬಂಧಿಕನಲ್ಲ.

ಅದಕ್ಕಿಂತ ಒಳ್ಳೆಯ ದಾರಿ ಇದೆ. ಅದಕ್ಕೆ ಬಟನ್ನೂ ಬೇಡ, ಲೆಕ್ಕವೂ ಬೇಡ. ನಿಮ್ಮ ಮನೆಯ ಚಾವಡಿಯನ್ನು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಕಣ್ಣು ಕುಕ್ಕುವ ಬಿಸಿಲು. ಆದರೆ ಚಾವಡಿಯಲ್ಲಿ ಕೂತು ಎಲೆ ಅಡಿಕೆ ಹಾಕುವವರ ಮುಖ ಎಷ್ಟು ಚಂದ ಕಾಣುತ್ತದೆ! ಅವರು ನೆರಳಿನಲ್ಲಿದ್ದಾರೆ, ಅಂಗಳದ ಬಿಸಿಲು ನೆಲಕ್ಕೆ ತಾಗಿ ಚಿಮ್ಮಿ ಕೆಳಗಿನಿಂದ ಅವರ ಮುಖಕ್ಕೆ ಬರುತ್ತಿದೆ. ಗಲ್ಲದ ಕೆಳಗೆ, ಕಣ್ಣಿನ ಕುಳಿಯಲ್ಲಿ ಎಲ್ಲೂ ಕಪ್ಪಿಲ್ಲ. ನಾನು ಇಪ್ಪತ್ತು ವರ್ಷ ಮದುವೆಮನೆಗಳಲ್ಲಿ ಮದುಮಗಳನ್ನು ನಿಲ್ಲಿಸುವುದು ಇಂಥ ಜಾಗದಲ್ಲೇ.

ರಾಧಾನಗರದಲ್ಲಿ ಮರಳಿನ ಅಂಚಿಗೇ ಕಾಡು ಶುರುವಾಗುತ್ತದೆ. ದೊಡ್ಡ ದೊಡ್ಡ ಮರಗಳು. ಆ ಮರದ ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆ ಇದೆಯಲ್ಲ, ಅದರಿಂದ ಒಂದು ಹೆಜ್ಜೆ ಒಳಗೆ ಅಮ್ಮನನ್ನು ಕೂರಿಸಿ, ಮುಖ ಕಡಲಿನ ಕಡೆಗೆ. ಎದುರಿನ ಬಿಳಿ ಮರಳು ಅಷ್ಟಗಲದ ಕನ್ನಡಿಯ ಹಾಗೆ ಕೆಲಸ ಮಾಡುತ್ತದೆ. ಯಾವ ಸ್ಟುಡಿಯೋದಲ್ಲೂ ಅಷ್ಟು ದೊಡ್ಡ ರಿಫ್ಲೆಕ್ಟರ್ ಇಲ್ಲ. ಮಧ್ಯಾಹ್ನ ಹನ್ನೊಂದಕ್ಕೂ ಒಳ್ಳೆಯ ಫೋಟೋ ಸಿಗುವ ಜಾಗ ಇದೊಂದೇ. ಹಿಂದೆ ಕಡಲು ಕಾಣುವುದಿಲ್ಲ, ಕಾಡು ಕಾಣುತ್ತದೆ ಎಂದು ನಿಮ್ಮ ಯಜಮಾನರು ಗೊಣಗಬಹುದು. ಗೊಣಗಲಿ. ಕಡಲು ಹಿಂದೆ ಬೇಕೇ ಬೇಕು ಎಂದರೆ ಸಂಜೆ ನಾಲ್ಕೂವರೆಗೆ ನೀರಿನಂಚಿನಲ್ಲಿ ಅವರನ್ನು ಅಡ್ಡಡ್ಡ ನಡೆಯಲು ಹೇಳಿ, ಬದಿಯಿಂದ ತೆಗೆಯಿರಿ.

ಅಮ್ಮನ ವಿಷಯದಲ್ಲಿ ಇನ್ನೂ ಒಂದು ಮಾತು. ಇಂಥ ಪ್ರವಾಸಗಳಲ್ಲಿ ಹಿರಿಯರು ಬ್ಯಾಗ್ ಕಾಯುವವರಾಗಿ ಬಿಡುತ್ತಾರೆ. ಎಲ್ಲರೂ ನೀರಿಗೆ ಓಡುತ್ತಾರೆ, ಅಮ್ಮ ಚಪ್ಪಲಿಗಳ ರಾಶಿಯ ಪಕ್ಕ ಕೂತಿರುತ್ತಾರೆ. ವಾಪಸು ಬಂದು ನೋಡಿದರೆ ಆರುನೂರು ಫೋಟೋಗಳಲ್ಲಿ ಅಮ್ಮ ಇರುವುದು ಊಟದ ಮೇಜಿನ ಎರಡರಲ್ಲಿ. ಬೆಳಿಗ್ಗೆ ಆರೂವರೆಗೆ ನೀರು ಇಳಿದಿದ್ದರೆ ಮೊಮ್ಮಕ್ಕಳ ಕೈ ಹಿಡಿಸಿ ಕಣಕಾಲು ಮುಳುಗುವಷ್ಟಕ್ಕೆ ಕರೆದುಕೊಂಡು ಹೋಗಿ. ಸೀರೆಯ ಅಂಚು ಒದ್ದೆಯಾದಾಗ ಅವರು ಏನೋ ಒಂದು ಹೇಳಿ ನಗುತ್ತಾರೆ. ಆ ಗಳಿಗೆ ಕಾದು ಕೂತಿರಬೇಕು. ಮೊಬೈಲಿನ ಬ್ಯೂಟಿ ಮೋಡ್ ಮೊದಲೇ ಆಫ್ ಮಾಡಿಡಿ. ಅಮ್ಮನ ಮುಖದ ಗೆರೆ ಅಳಿಸಲು ಅದಕ್ಕೆ ಯಾರು ಅಧಿಕಾರ ಕೊಟ್ಟದ್ದು? ಗುಂಪು ಫೋಟೋದಲ್ಲಿ ವೈಡ್ ಲೆನ್ಸ್ ಹಾಕಿದರೆ ಅಂಚಿನಲ್ಲಿರುವವರು ಅಡ್ಡಕ್ಕೆ ಎಳೆದ ಹಾಗೆ ದಪ್ಪ ಕಾಣುತ್ತಾರೆ. ಹಿರಿಯರನ್ನು ನಡುವಿಗೆ ಹಾಕಿ, ಅಂಚಿಗೆ ಸಪೂರ ಇರುವವರು.

ನೀರಿನಡಿಯ ಪ್ರಶ್ನೆ. ಮೊಬೈಲಿನ ಪೆಟ್ಟಿಗೆಯ ಮೇಲೆ ನೀರು ತಡೆಯುತ್ತದೆ ಎನ್ನುವ ಐಪಿ68 ಗುರುತು ಇದ್ದರೂ ಅದು ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆ. ಕಡಲ ನೀರಿಗೆ ಅದು ಲೆಕ್ಕವಿಲ್ಲ. ನೀರು ಹೊಕ್ಕು ಹಾಳಾದರೆ ಹೆಚ್ಚಿನ ಕಂಪನಿಗಳು ವಾರಂಟಿಯನ್ನೂ ಕೊಡುವುದಿಲ್ಲ. ಕುತ್ತಿಗೆಗೆ ನೇತುಹಾಕುವ ಪ್ಲಾಸ್ಟಿಕ್ ಚೀಲ ಸಿಗುತ್ತದೆ. ಅದನ್ನು ಕೊಂಡ ದಿನವೇ ಒಳಗೆ ಮಡಚಿದ ಟಿಶ್ಯೂ ಕಾಗದ ಹಾಕಿ, ಬಾಲ್ದಿ ನೀರಿನಲ್ಲಿ ಕಲ್ಲು ಕಟ್ಟಿ ಅರ್ಧ ಗಂಟೆ ಮುಳುಗಿಸಿಡಿ. ಕಾಗದ ಒದ್ದೆಯಾಗದಿದ್ದರೆ ಮಾತ್ರ ಮೊಬೈಲ್. ಇದನ್ನು ಮಾಡದೆ ಮೊಬೈಲ್ ಕಳೆದುಕೊಂಡವರು ನನ್ನ ಅಂಗಡಿಗೆ ಬಂದು, ಒಳಗಿನ ಫೋಟೋ ತೆಗೆದುಕೊಡಿ ಎಂದು ಕೇಳುತ್ತಾರೆ. ಉಪ್ಪು ನೀರು ಹೋದ ಮೇಲೆ ನಾನೇನು ಮಾಡಲಿ ಮಾರಾಯ್ರೆ?

ನೀರಿನೊಳಗೆ ಮೊಬೈಲಿನ ಪರದೆ ಬೆರಳಿಗೆ ಕೇಳುವುದಿಲ್ಲ. ಶಬ್ದ ಹೆಚ್ಚು-ಕಡಿಮೆ ಮಾಡುವ ಬಟನ್ನಿನಿಂದ ಫೋಟೋ ತೆಗೆಯುವಂತೆ ಮೊದಲೇ ಸೆಟ್ ಮಾಡಿ. ಇಲ್ಲವೇ ವಿಡಿಯೋ ಶುರು ಮಾಡಿಯೇ ನೀರಿಗೆ ಇಳಿಯಿರಿ. ಮೇಲೆ ಬಂದ ಮೇಲೆ ಚೀಲವನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ತೆರೆಯಿರಿ. ತಮ್ಮನ ಸ್ನೇಹಿತರಲ್ಲಿ ಯಾರ ಹತ್ತಿರವಾದರೂ ಗೋಪ್ರೋ ಎನ್ನುವ ಪುಟ್ಟ ಕ್ಯಾಮೆರಾ ಇದ್ದರೆ ಒಂದು ದಿನಕ್ಕೆ ಕೇಳಿ ಪಡೆಯಿರಿ. ಈಚಿನ ಮಾದರಿಗಳು ಕವಚವಿಲ್ಲದೆಯೂ ಹತ್ತು ಮೀಟರ್ ಆಳದವರೆಗೆ ತಡೆದುಕೊಳ್ಳುತ್ತವೆ.

ಮುಖ್ಯ ಸಂಗತಿ ಬೆಳಕಿನದ್ದು. ಮುಖಕ್ಕೆ ಕೆಟ್ಟದ್ದು ಎಂದು ನಾನು ಬೈದ ಆ ನಡುಹಗಲಿನ ಬಿಸಿಲೇ ನೀರಿನಡಿಗೆ ಬೇಕು. ಸೂರ್ಯ ಓರೆಯಾಗಿದ್ದರೆ ಬೆಳಕಿನ ದೊಡ್ಡ ಪಾಲು ನೀರಿನ ಮೇಲಿನಿಂದಲೇ ಜಾರಿ ಹೋಗುತ್ತದೆ. ನೆತ್ತಿಗೆ ಬಂದಾಗ ನೇರ ಕೆಳಗೆ ಇಳಿಯುತ್ತದೆ. ಹಾಗಾಗಿ ಸ್ನಾರ್ಕೆಲಿಂಗ್ ಸಮಯವನ್ನು ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರ ಒಳಗೆ ಕೇಳಿ. ಇನ್ನೊಂದು, ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ನಾಲ್ಕೈದು ಮೀಟರ್ ಕೆಳಗೆ ಹೋದರೆ ಕೆಂಪು ಚಡ್ಡಿ ಕಂದಾಗಿ ಕಾಣುತ್ತದೆ, ಎಲ್ಲ ಹಸಿರು-ನೀಲಿ ಕಷಾಯ. ಹಳದಿ ಅಂಗಿ ಹಾಕಿಸಿದರೆ ಮಗ ಎದ್ದು ಕಾಣುತ್ತಾನೆ. ಒಂದೆರಡು ಮೀಟರಿನ ಒಳಗೇ ಇದ್ದು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹೋಗಿ ತೆಗೆಯಿರಿ. ಜೂಮ್ ಮಾಡಿದರೆ ನಡುವಿನ ನೀರೇ ಫೋಟೋದಲ್ಲಿ ತುಂಬುತ್ತದೆ. ಮೇಲಿನಿಂದ ಕೆಳಗೆ ತೆಗೆದದ್ದು ಯಾವಾಗಲೂ ಸಪ್ಪೆ. ಸ್ವಲ್ಪ ಕೆಳಗಿನಿಂದ ಮೇಲೆ ನೋಡಿ, ಅವನ ತಲೆಯ ಹಿಂದೆ ಹೊಳೆಯುವ ನೀರಿನ ಮೈ ಬರಲಿ.

ಆದರೂ ಒಂದು ನಿಜ ಹೇಳಲೇ? ಮಾಸ್ಕ್ ಹಾಕಿ, ಬಾಯಿಗೆ ಕೊಳವೆ ಕಚ್ಚಿದ ಮೇಲೆ ಎಲ್ಲ ಮಕ್ಕಳೂ ಒಂದೇ. ಹತ್ತು ವರ್ಷದ ಮೇಲೆ ಆ ಫೋಟೋ ನೋಡಿ ಇದು ನಮ್ಮವನೋ ಆಚೆಮನೆಯವನೋ ಎಂದು ನೀವೇ ಕೇಳುತ್ತೀರಿ. ಸಾಹಸದ ಒಳ್ಳೆಯ ಫೋಟೋ ಇರುವುದು ಅದು ಶುರುವಾಗುವ ಎರಡು ನಿಮಿಷ ಮೊದಲು ಮತ್ತು ಮುಗಿದ ಎರಡು ನಿಮಿಷದ ಮೇಲೆ. ದೋಣಿಯ ಅಂಚಿನಲ್ಲಿ ಕೂತು ನೀರಿಗೆ ಇಳಿಯಲೋ ಬೇಡವೋ ಎಂದು ನೋಡುವ ಕಣ್ಣು. ಆಮೇಲೆ ಹಣೆಯ ಮೇಲೆ ಮಾಸ್ಕಿನ ಕೆಂಪು ಗೆರೆ, ನಡುಗುವ ತುಟಿ, ಕೈಯಲ್ಲಿ ಎಳನೀರಿನ ಬೊಂಡ. ನೀರಿನೊಳಗಿನ ಫೋಟೋವನ್ನು ಜತೆಗೆ ಬರುವ ಗೈಡ್ ತೆಗೆದುಕೊಡುತ್ತಾರೆ, ಅದು ಅವರ ದಿನದ ಕೆಲಸ. ಈ ಎರಡನ್ನು ನೀವೇ ತೆಗೆಯಬೇಕು. ಯಜಮಾನರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವ ಸ್ಕೂಬಾ ಮಾಡುವುದಿದ್ದರೆ ಮೊದಲ ಸಲ ಕ್ಯಾಮೆರಾ ಕೊಡಲೇಬೇಡಿ. ಉಸಿರಾಡಲು ನೆನಪಿದ್ದರೆ ಸಾಕು.

ಹವಳದ ಮೇಲೆ ನಿಂತು ಫೋಟೋ ಬೇಡ. ಅದು ಕಲ್ಲಲ್ಲ, ಜೀವ. ಕಾಲಿನ ಒತ್ತಡಕ್ಕೆ ಮುರಿದದ್ದು ಬೆಳೆಯಲು ವರ್ಷಗಳು ಬೇಕು. ಸತ್ತ ಹವಳದ ತುಂಡನ್ನು ನೆನಪಿಗೆ ಎಂದು ಚೀಲಕ್ಕೆ ಹಾಕುವುದೂ ಅಪರಾಧ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ. ಮೊಸಳೆಯ ಎಚ್ಚರಿಕೆ ಬೋರ್ಡ್ ಇರುವ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ, ನೀರಿಗೆ ಇಳಿಯುವ ಮಾತೇ ಇಲ್ಲ. ಅಲ್ಲಿಯದ್ದು ಉಪ್ಪುನೀರಿನ ಮೊಸಳೆ. 2022ರಲ್ಲಿ ತೀರಿಹೋದ ನಮ್ಮ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯನ ಹಾಗೆ ನೈವೇದ್ಯ ತಿಂದು ಸುಮ್ನೆ ಇರುವ ಜಾತಿ ಅಲ್ಲ.

ಬಾರಾಟಾಂಗ್ ದ್ವೀಪದ ಸುಣ್ಣದ ಕಲ್ಲಿನ ಗುಹೆ ನೋಡಲು ರಸ್ತೆಯಲ್ಲಿ ಹೋದರೆ ಜಾರವಾ ಎನ್ನುವ ಆದಿವಾಸಿ ಜನರಿಗಾಗಿ ಕಾಯ್ದಿಟ್ಟ ಕಾಡನ್ನು ದಾಟಬೇಕು. ವಾಹನಗಳನ್ನು ಗುಂಪಾಗಿ ಬಿಡುತ್ತಾರೆ. ಅಲ್ಲಿ ಅವರ ಫೋಟೋ ತೆಗೆಯುವುದು ಶಿಕ್ಷೆಯಾಗುವ ಅಪರಾಧ. ಅವರನ್ನು ಕಾಪಾಡಲು 1956ರಲ್ಲೇ ಕಾನೂನು ಮಾಡಿದ್ದಾರೆ. ಕಾನೂನು ಬಿಡಿ, ನಮ್ಮ ಮನೆಯ ಅಂಗಳಕ್ಕೆ ಯಾರೋ ಬಸ್ಸಿನಲ್ಲಿ ಬಂದು ಕಿಟಕಿಯಿಂದ ನಮ್ಮ ಮಕ್ಕಳ ಫೋಟೋ ತೆಗೆದರೆ ಹೇಗಿರುತ್ತದೆ? ಮೊಬೈಲ್ ಚೀಲದೊಳಗೆ ಹಾಕಿ, ಮಕ್ಕಳಿಗೂ ಮೊದಲೇ ಹೇಳಿಡಿ. ಹಾಗೆಯೇ ನೌಕಾಪಡೆಯ ಜಾಗಗಳ ಕಡೆಗೂ ಕ್ಯಾಮೆರಾ ತಿರುಗಿಸಬೇಡಿ. ಡ್ರೋನ್ ತರುತ್ತೇನೆ ಎಂದು ನಿಮ್ಮ ಭಾವನೋ ಮೈದುನನೋ ಹೇಳಿದರೆ, ಅನುಮತಿ ಇಲ್ಲದೆ ಅದನ್ನು ಅಲ್ಲಿ ಹಾರಿಸುವಂತಿಲ್ಲ ಎಂದು ಹೇಳಿ ಮನೆಯಲ್ಲೇ ಇಡಿಸಿ.

ನೀಲ್‌ನ ಲಕ್ಷ್ಮಣಪುರದಲ್ಲಿ ಬಂಡೆಯ ಸಹಜ ಸೇತುವೆ ಇದೆ. ಅದರ ಕೆಳಗೆ ಹೋಗಿ ನಿಲ್ಲಲು ಇಳಿತ ಇರಬೇಕು. ಉಬ್ಬರ-ಇಳಿತದ ಸಮಯ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆ ಹೋದವರ ಮಾತು ಇವತ್ತಿಗೆ ಆಗುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ನೀರು ಜಾಸ್ತಿ ಇಳಿಯುತ್ತದೆ. ಹೊರಡುವ ಮೊದಲು ಪಂಚಾಂಗ ನೋಡಿಕೊಳ್ಳಿ. ಸಮಯ ಕೇಳಲು ತಮ್ಮ ಇದ್ದಾನಲ್ಲ. ದಾರಿಯುದ್ದಕ್ಕೂ ಸತ್ತ ಹವಳ, ಪಾಚಿ, ಜಾರುತ್ತದೆ. ಅಮ್ಮನಿಗೆ ಅದು ಬೇಡವೇ ಬೇಡ.

ಸೆಲ್ಯುಲಾರ್ ಜೈಲಿಗೆ ಹೋಗಿಯೇ ಹೋಗುತ್ತೀರಿ. ಅಲ್ಲಿಯ ಉದ್ದ ಮೊಗಸಾಲೆ, ಸಾಲು ಬಾಗಿಲು, ಕಬ್ಬಿಣದ ಸರಳು, ಯಾರು ತೆಗೆದರೂ ಚಂದ ಬರುತ್ತದೆ. ಸರಳಿನ ಹಿಂದೆ ನಿಂತು ಮಕ್ಕಳು ಹಲ್ಲು ಕಿರಿಯುವ ಫೋಟೋ ಮಾತ್ರ ನನಗೆ ಹಿಡಿಸುವುದಿಲ್ಲ. ಮಕ್ಕಳಿಗೆ ಗಮ್ಮತ್ತು ಬೇಕಿದ್ದರೆ ಮನೆಯಲ್ಲಿ ಹಳೆಯ ಕೆಂಪು ಬಣ್ಣದ 20 ರೂಪಾಯಿ ನೋಟು ಇದೆಯೇ ಹುಡುಕಿ. ಅದರ ಹಿಂಬದಿಯ ತೆಂಗಿನ ಮರ, ಕಡಲು, ದೀಪಸ್ತಂಭದ ಚಿತ್ರ ಪೋರ್ಟ್ ಬ್ಲೇರಿನ ಪಕ್ಕದ ಮೌಂಟ್ ಹ್ಯಾರಿಯೆಟ್ ಬೆಟ್ಟದಿಂದ ಕಾಣುವ ನೋಟ. ಬೆಟ್ಟಕ್ಕೆ ಈಗ ಮೌಂಟ್ ಮಣಿಪುರ್ ಎಂದು ಹೆಸರು. ನೋಟನ್ನು ಕೈಯಲ್ಲಿ ಹಿಡಿದು ನಿಜವಾದ ದೃಶ್ಯದ ಜತೆ ಹೊಂದಿಸುವ ಆಟ ಮಕ್ಕಳನ್ನು ಅರ್ಧ ಗಂಟೆ ಹಿಡಿದಿಡುತ್ತದೆ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಡಿಎಸ್‌ಎಲ್‌ಆರ್ ಜತೆ ಬಂದ ಚಿಕ್ಕ ಲೆನ್ಸ್ ಸಾಕು. ಏನಾದರೂ ಕೊಳ್ಳಲೇಬೇಕೆಂದರೆ ಆ ಲೆನ್ಸಿನ ಅಳತೆಗೆ ಒಂದು ಪೋಲರೈಸರ್ ಫಿಲ್ಟರ್ ಕೊಳ್ಳಿ. ನೀರಿನ ಮೇಲಿನ ಹೊಳಪು ಕಳೆದು ಅಡಿಯ ಹವಳ ಕಾಣುವಂತೆ ಮಾಡುತ್ತದೆ. ಸೂರ್ಯ ನಿಮ್ಮ ಎಡ ಅಥವಾ ಬಲ ಭುಜದ ಕಡೆ ಇದ್ದಾಗ ಅದರ ಕೆಲಸ ಹೆಚ್ಚು. ಮೊಬೈಲಿಗೆ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಅಡ್ಡ ಹಿಡಿದು ತಿರುಗಿಸಿ ನೋಡಿ, ಅದೇ ಕೆಲಸ ಆಗುತ್ತದೆ. ಮಕ್ಕಳು ನೀರು ಎರಚುವಾಗ ಡಿಎಸ್‌ಎಲ್‌ಆರ್‌ನ ಶಟರ್ ವೇಗವನ್ನು 1/1000 ಸೆಕೆಂಡಿಗೆ ಇಡಿ. ಲೆನ್ಸನ್ನು ಮರಳಿನ ಮೇಲೆ ನಿಂತು ಬದಲಿಸಬೇಡಿ. ಬ್ಯಾಟರಿ, ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

ಉಪ್ಪು ಗಾಳಿ ನಮಗೆ ಹೊಸದಲ್ಲ, ಆದರೂ ತಪ್ಪು ಮಾಡುತ್ತೇವೆ. ಕಡಲ ಸಿಡಿತ ಬಿದ್ದ ಲೆನ್ಸನ್ನು ಒಣ ಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಮೊದಲು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಏಸಿ ಕೋಣೆಯಿಂದ ಅಥವಾ ಏಸಿ ಹಡಗಿನಿಂದ ಹೊರಗೆ ಬಂದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ. ಅದನ್ನು ಒರೆಸಿದಷ್ಟೂ ಮತ್ತೆ ಬರುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಕ್ಯಾಮೆರಾವನ್ನು ಚೀಲ ಸಮೇತ ಹೊರಗಿನ ಜಗಲಿಯಲ್ಲಿಡಿ. ಇನ್ನು ಮೊಬೈಲ್ ಫೋಟೋ ಎಲ್ಲ ಮಬ್ಬು ಬಂದರೆ ಮಂಜಿನ ಮೇಲೆ ತಪ್ಪು ಹೊರಿಸುವ ಮೊದಲು ಮಕ್ಕಳ ತಲೆ ನೋಡಿ. ನಮ್ಮ ಊರಿನ ಹತ್ತರಲ್ಲಿ ಒಂಬತ್ತು ಮೊಬೈಲ್ ಲೆನ್ಸಿನ ಮೇಲೆ ಇರುವುದು ತೆಂಗಿನೆಣ್ಣೆ.

ತಮ್ಮನ ಮನೆಯ ಬಗ್ಗೆ ನೀವು ಏನೂ ಕೇಳಿಲ್ಲ. ನನಗೆ ಹೆಚ್ಚು ಹೇಳಬೇಕೆನಿಸುವುದು ಅದೇ. ಎಂಟು ದಿನದಲ್ಲಿ ಹ್ಯಾವ್‌ಲಾಕ್, ನೀಲ್‌ಗೆ ನಾಲ್ಕು ದಿನ ಹೋದೀತು. ಉಳಿದ ನಾಲ್ಕು ದಿನ ಆ ಮನೆಯಲ್ಲಿ. ಅಮ್ಮ ಮಗನ ಮನೆಯನ್ನು ಮೊದಲ ಸಲ ನೋಡುತ್ತಾರೆ. ಊರಿನಿಂದ ಕಟ್ಟಿ ತಂದ ರಟ್ಟಿನ ಪೆಟ್ಟಿಗೆ ಬಿಚ್ಚುವ ಹೊತ್ತು ಇದೆಯಲ್ಲ, ಹಲಸಿನ ಹಪ್ಪಳ, ಮಾಂಬಳ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ ಒಂದೊಂದಾಗಿ ಹೊರಗೆ ಬರುವಾಗ ತಮ್ಮನ ಮುಖ ನೋಡಿ. ಆ ಪೆಟ್ಟಿಗೆಯನ್ನು ರಾತ್ರಿ ಟ್ಯೂಬ್‌ಲೈಟಿನಲ್ಲಿ ಬಿಚ್ಚಬೇಡಿ. ಮರುದಿನ ಬೆಳಿಗ್ಗೆ ಕಿಟಕಿಯ ಹತ್ತಿರ ನೆಲದ ಮೇಲೆ ಇಟ್ಟು ಬಿಚ್ಚಿ, ಲೈಟ್ ಎಲ್ಲ ಆರಿಸಿ. ನೀವು ಕಿಟಕಿಯ ಪಕ್ಕದ ಗೋಡೆಗೆ ಒರಗಿ ಕೂತುಕೊಳ್ಳಿ. ಯಾರಿಗೂ ಇಲ್ಲಿ ನೋಡಿ ಎಂದು ಹೇಳಬೇಡಿ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಅಮ್ಮ ಮಗ ಎದುರಾಗುವ ಗಳಿಗೆಯ ಫೋಟೋವನ್ನು ಯಾರು ತೆಗೆಯುವುದು ಎಂದು ಮೊದಲೇ ನಿಶ್ಚಯಿಸಿ. ಇಲ್ಲದಿದ್ದರೆ ನಾಲ್ಕು ಮೊಬೈಲ್ ಮೇಲೇಳುತ್ತದೆ, ತಬ್ಬಿಕೊಳ್ಳಲು ಯಾರ ಕೈಯೂ ಖಾಲಿ ಇರುವುದಿಲ್ಲ. ದೊಡ್ಡ ಮಗಳಿಗೋ ಮಗನಿಗೋ ಒಂದು ಮೊಬೈಲ್ ಕೊಟ್ಟು ಮುಂದೆ ಓಡಿಸಿ. ಅವರೇ ತಿರುಗಿ ನಿಂತು ತೆಗೆಯಲಿ. ವಾರೆಯಾದರೂ ಪರವಾಗಿಲ್ಲ. ಹಾಗೆ ಮಾಡಿದರೆ ನೀವೂ ಒಂದು ಫೋಟೋದಲ್ಲಿ ಇರುತ್ತೀರಿ. ಮನೆಯಲ್ಲಿ ಫೋಟೋ ತೆಗೆಯುವವರು ಯಾವಾಗಲೂ ಫೋಟೋದಿಂದ ಹೊರಗೆ, ಅಲ್ವಾ?

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಕಾಸರಗೋಡು 12.5 ಡಿಗ್ರಿ ಅಕ್ಷಾಂಶ, ಹ್ಯಾವ್‌ಲಾಕ್ 12. ಗಡಿಯಾರ ಬೇರೆಯಾದರೂ ಸೂರ್ಯ ಆಕಾಶದಲ್ಲಿ ಏರುವ ಎತ್ತರ ಹೆಚ್ಚುಕಡಿಮೆ ಒಂದೇ. ಬರುವ ಭಾನುವಾರ ಸಂಜೆ ಐದಕ್ಕೆ ಕುಂಬಳೆಯ ಕೊಯ್ಪಾಡಿ ಕಡಲ ಬದಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ನಾನು ಹೇಳಿದ ನೆರಳಿನ ಅಂಚು, ಮುಖಕ್ಕೆ ಬೆರಳು ಒತ್ತುವುದು, ಬದಿಯಿಂದ ನಡೆಯುವುದು, ಮೂರನ್ನೂ ಅಲ್ಲೇ ಮಾಡಿ ನೋಡಿ. ಕೊಯ್ಪಾಡಿಯಲ್ಲಿ ಬಂದದ್ದು ಅಂಡಮಾನಿನಲ್ಲೂ ಬರುತ್ತದೆ, ನಾಲ್ಕು ಗಂಟೆಯ ಮೊದಲೇ ಹೊರಟರೆ.

ಫೋಟೋ ಕಾಪಾಡುವುದು ಕೊನೆಯ ಕೆಲಸ. ಚೆನ್ನೈಯಿಂದ ಅಂಡಮಾನಿಗೆ ಕಡಲಡಿಯ ಇಂಟರ್ನೆಟ್ ಕೇಬಲ್ ಬಂದದ್ದೇ 2020ರ ಆಗಸ್ಟಿನಲ್ಲಿ. ಚಿಕ್ಕ ದ್ವೀಪಗಳಲ್ಲಿ ನೆಟ್ ನಂಬಿ ಕೂರಬೇಡಿ. ಪ್ರತಿ ರಾತ್ರಿ ಮೊಬೈಲಿಗೆ ಸಿಕ್ಕಿಸುವ ಪೆನ್‌ಡ್ರೈವಿಗೆ ನಕಲು ಮಾಡಿ, ಅದನ್ನು ಬೇರೆಯವರ ಚೀಲದಲ್ಲಿಡಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಫೋಟೋ ಕುಗ್ಗುತ್ತದೆ.

ಊರಿಗೆ ಬಂದ ಮೇಲೆ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿ ಕಪಾಟಿಗೆ ತಳ್ಳಬೇಡಿ. ನನ್ನ ಒಂದು ಒಳ್ಳೆಯ ಲೆನ್ಸ್ ಹಾಗೆಯೇ ಹೋಯಿತು. ಆಟಿ ತಿಂಗಳ ಮಳೆಯಲ್ಲಿ ಒಂದೂವರೆ ತಿಂಗಳು ಚೀಲದೊಳಗಿತ್ತು. ತೆಗೆದು ನೋಡುವಾಗ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬೂಸ್ಟು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ಲಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಹುರಿದು ಮತ್ತೆ ಹಾಕಬಹುದು. ಹುರಿದ ಬಾಣಲೆ ಅಡಿಗೆಗೆ ಬೇಡ.

ಅಮ್ಮನಿಗೆ ಮೊಬೈಲಿನಲ್ಲಿ ಆರುನೂರು ಫೋಟೋ ಸರಿಸಿ ತೋರಿಸಿದರೆ ಸುಸ್ತಾಗುತ್ತದೆ. ಇಪ್ಪತ್ತೈದು ಆರಿಸಿ ಪ್ರಿಂಟ್ ಮಾಡಿಸಿ, ಎರಡು ಪ್ರತಿ. ಅಂಟುವ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ಬೇಡ, ನಮ್ಮ ಮಳೆಗಾಲಕ್ಕೆ ಫೋಟೋ ಅದಕ್ಕೇ ಹಿಡಿದುಕೊಂಡುಬಿಡುತ್ತದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಕು, ಜಾಗ ಬರೆಯಿರಿ. ಒಂದು ಪ್ರತಿ ಅಮ್ಮನ ಕೋಣೆಗೆ. ಇನ್ನೊಂದನ್ನು ಸ್ಪೀಡ್ ಪೋಸ್ಟಿನಲ್ಲಿ ತಮ್ಮನಿಗೆ ಕಳಿಸಿ, ಪೆಟ್ಟಿಗೆ ಬಿಚ್ಚಿದ ಫೋಟೋ ಎಲ್ಲಕ್ಕಿಂತ ಮೇಲೆ ಇರಲಿ.